ಗೋಡೆಯ ಮುಂದೊಂದು ಗಾನಪಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಇವೆರಡನ್ನೂ ಮಾಡಿ ಮುಗಿಸಿದ ಗೃಹಸ್ಥನು ಹೊಸ ಮನೆಯ ಹಜಾರದಲ್ಲಿ ಸಂಗೀತ ಕೇಳುವ ಏರ್ಪಾಡೊಂದನ್ನು ಮಾಡಹೊರಟನೆಂದರೆ, ಈ ಗಾದೆಗೆ ಮೂರನೆಯ ಪಾದವೊಂದನ್ನು ಸೇರಿಸಬೇಕೆಂದು ಅವನಿಗೆ ತೋರದೆ ಇರದು. ಮನೆಗೆ ಮೇಸ್ತ್ರಿಯುಂಟು, ಮದುವೆಗೆ ಪುರೋಹಿತರುಂಟು. ಸಂಗೀತದ ಸಲಕರಣೆಯ ವಿಷಯದಲ್ಲಿ ಮಾತ್ರ ಹತ್ತು ಮಂದಿ ಹತ್ತು ಮಾತು ಹೇಳುತ್ತಾರೆ. ಹತ್ತನ್ನೂ ಕೇಳಿದವನು ಕೊನೆಗೆ ಏನನ್ನೂ ಕೊಳ್ಳದೆ, ಕಿವಿಗೆ ಎರಡು ಗುಂಡಿಗಳನ್ನು ಸಿಕ್ಕಿಸಿಕೊಂಡು ಸುಮ್ಮನಾಗುತ್ತಾನೆ.

ಹೀಗೆ ಸುಮ್ಮನಾದ ಮನೆಗಳು ಬೆಂಗಳೂರಿನ ಹೊರವಲಯದಲ್ಲಿ ಇಂದು ಅಸಂಖ್ಯಾತವಾಗಿವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರು ಕಡೆಗಳಲ್ಲಿಯೂ ಆಕಾಶವನ್ನು ಮುಟ್ಟುವಂತೆ ಎದ್ದು ನಿಂತ ವಸತಿಗೃಹಗಳಲ್ಲಿ ಸಂಜೆಯ ಹೊತ್ತು ಒಂದು ವಿಚಿತ್ರವನ್ನು ಕಾಣಬಹುದು. ತಂದೆಯ ಕಿವಿಯಲ್ಲಿ ಕಚೇರಿಯ ಮಾತುಕತೆ, ತಾಯಿಯ ಕಿವಿಯಲ್ಲಿ ಭಾವಗೀತೆ, ಮಗಳ ಕಿವಿಯಲ್ಲಿ ಚಿತ್ರಗೀತೆ, ಅಜ್ಜನ ಕಿವಿಯಲ್ಲಿ ಪ್ರವಚನ. ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ಬಗೆಯ ನಾದ ನಡೆದಿರುತ್ತದೆ. ಮನೆ ಮಾತ್ರ ಮೌನವಾಗಿರುತ್ತದೆ. ಒಂದೇ ಹಾಡನ್ನು ನಾಲ್ವರೂ ಕೂಡಿ ಕೇಳಿ, ಒಂದೇ ಸ್ಥಳದಲ್ಲಿ ತಲೆದೂಗುವ ಸುಖ ನಮ್ಮ ಮನೆಗಳಿಂದ ಸದ್ದಿಲ್ಲದೆ ಜಾರಿಹೋಗುತ್ತಿದೆ. ಆದ್ದರಿಂದ ಮೊದಲ ಸ್ಟೀರಿಯೋ ಕೊಳ್ಳುವ ಪ್ರಶ್ನೆ ಕೇವಲ ಯಂತ್ರದ ಪ್ರಶ್ನೆಯಲ್ಲ. ಹಜಾರವನ್ನು ಮತ್ತೆ ಎಲ್ಲರದಾಗಿ ಮಾಡಿಕೊಳ್ಳುವ ಪ್ರಶ್ನೆ.

ಅಂತಹ ಮನೆಗೆ ಪೆಟ್ಟಿಗೆಯಿಲ್ಲದ, ಕೇವಲ ಪಟದಂತೆ ನಿಲ್ಲುವ ಪ್ಲೇನಾರ್ ಸ್ಪೀಕರು ಒಪ್ಪುವುದೇ, ಒಪ್ಪಿದರೆ ಅದನ್ನು ಹೇಗೆ ನಿಲ್ಲಿಸಬೇಕು, ಒಪ್ಪದಿದ್ದರೆ ಏಕೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೂರು ದಿಕ್ಕಿನ ನಾದಚರಿತ್ರೆ

ಧ್ವನಿಯಂತ್ರಗಳ ವಿಷಯದಲ್ಲಿ ಕನ್ನಡನಾಡು ಹಿಂದೆ ಬಿದ್ದುದಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದೇ. ಮುಂದೆ ಅದು ದೇಶದ ಬಾನುಲಿಗೆಲ್ಲ ಹೆಸರಾಯಿತು. 1955ರಲ್ಲಿ ಬೆಂಗಳೂರಿನ ನಿಲಯ ಆರಂಭವಾದ ಮೇಲೆ ಕನ್ನಡದ ಮಧ್ಯಮವರ್ಗದ ಮನೆಗಳಲ್ಲಿ ರೇಡಿಯೋ ಪೆಟ್ಟಿಗೆಗೆ ದೇವರ ಗೂಡಿನ ಪಕ್ಕದ ಸ್ಥಾನ ದೊರೆಯಿತು.

ಊರಿನ ಹೊರವಲಯದ ಮೂರು ದಿಕ್ಕುಗಳಲ್ಲಿಯೂ ಇದಕ್ಕೆ ಸಾಕ್ಷಿಗಳಿವೆ. ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ, ಕೃಷ್ಣರಾಜಪುರದ ಬಳಿ, ದೂರವಾಣಿನಗರ ಎಂಬ ಹೆಸರೇ ಕಥೆ ಹೇಳುತ್ತದೆ. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅಲ್ಲಿ ದೇಶಕ್ಕೆ ಬೇಕಾದ ದೂರವಾಣಿಗಳನ್ನು ತಯಾರಿಸಿತು. ದೂರವಾಣಿಯ ಕಿವಿತುದಿಯಲ್ಲಿರುವ ಪುಟ್ಟ ಬಿಲ್ಲೆಯೂ ಒಂದು ಸ್ಪೀಕರೇ ತಾನೆ! ಪೀಣ್ಯಕ್ಕೆ ಸಮೀಪದ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಮುಂದಿನ ದಶಕದಲ್ಲಿ ರೇಡಿಯೋ ಕವಾಟಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಿತು. ದಕ್ಷಿಣ ದಿಕ್ಕಿನಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ, ಆರ್.ಕೆ. ಬಾಳಿಗರ ಕನಸಿನಂತೆ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ಇಂದು ಈ ಮೂರೂ ಕಡೆಗಳಲ್ಲಿ ದುಡಿಯುವ ಸಂಸಾರಗಳು ನಾದವನ್ನು ಅಂಕೆಗಳಾಗಿ, ಅಂಕೆಗಳನ್ನು ನಾದವಾಗಿ ಮಾರ್ಪಡಿಸುವ ಯಂತ್ರಗಳ ನಡುವೆಯೇ ಬಾಳುತ್ತಿವೆ. ಆದರೂ ತಮ್ಮ ಮನೆಯ ಹಜಾರದಲ್ಲಿ ಒಂದು ವೀಣೆಯ ಮೀಟು ವೀಣೆಯಂತೆ ಕೇಳುವುದು ಇವರಿಗೆ ಅಪರೂಪವಾಗಿದೆ.

ಪೆಟ್ಟಿಗೆ ಏಕೆ ಬಂದಿತು

ಸ್ಪೀಕರು ಮಾಡುವ ಕೆಲಸ ಒಂದೇ, ಗಾಳಿಯನ್ನು ಅಲುಗಿಸುವುದು. ಬರಿಯ ತಂತಿಯೊಂದನ್ನು ಬಿಗಿದು ಮೀಟಿದರೆ ಶಬ್ದ ಅತ್ಯಲ್ಪ. ತೆಳುವಾದ ತಂತಿ ಎಷ್ಟು ತಾನೆ ಗಾಳಿಯನ್ನು ತಳ್ಳೀತು? ಅದೇ ತಂತಿಯನ್ನು ಹಲಸಿನ ಮರದ ವೀಣೆಯ ಮೇಲೆ ಬಿಗಿದಾಗ ಮರದ ಹಲಗೆ ಕಂಪಿಸಿ ನಾದವನ್ನು ಹರಡುತ್ತದೆ. ಧ್ವನಿವರ್ಧಕಗಳು ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ಪಿಟೀಲು ಕೇಳಿಸಬೇಕೆಂದು ಮೈಸೂರು ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ರೂಪಿಸಿಕೊಂಡರೆಂಬುದು ಸಂಗೀತಪ್ರಿಯರಿಗೆಲ್ಲ ತಿಳಿದದ್ದೇ.

ಸಾಮಾನ್ಯ ಸ್ಪೀಕರಿನಲ್ಲಿ ಹಲಗೆಯ ಕೆಲಸವನ್ನು ಕಾಗದದ ಅಥವಾ ಪ್ಲಾಸ್ಟಿಕ್ಕಿನ ಆಲಿಕೆಯೊಂದು ಮಾಡುತ್ತದೆ. ಆಲಿಕೆಯ ಬುಡದಲ್ಲಿ ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಆಲಿಕೆ ಹಿಂದೆ ಮುಂದೆ ಚಲಿಸುತ್ತದೆ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬ ಎಂಜಿನಿಯರುಗಳು ಪ್ರಕಟಿಸಿದ ಈ ವಿನ್ಯಾಸವೇ ಇಂದಿಗೂ ಬಹುಪಾಲು ಸ್ಪೀಕರುಗಳ ಮೂಲರೂಪ.

ಇಲ್ಲೊಂದು ತೊಡಕುಂಟು. ಆಲಿಕೆ ಮುಂದಕ್ಕೆ ಚಲಿಸಿ ಮುಂದಿನ ಗಾಳಿಯನ್ನು ಒತ್ತಿದಾಗ, ಹಿಂದಿನ ಗಾಳಿ ಸಡಿಲವಾಗುತ್ತದೆ. ಈ ಎರಡು ಅಲೆಗಳೂ ಅಂಚಿನಲ್ಲಿ ಸಂಧಿಸಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಅದರಲ್ಲಿಯೂ ಮಂದ್ರಸ್ವರಗಳ ಅಲೆ ಬಹಳ ಉದ್ದವಾದ್ದರಿಂದ, ಅವು ಮೊದಲು ನಾಶವಾಗುತ್ತವೆ. ಹಿಂದಿನ ಅಲೆಯನ್ನು ಸೆರೆಹಿಡಿಯಲೆಂದೇ ಪೆಟ್ಟಿಗೆ ಬಂದಿತು. ಆದರೆ ಸೆರೆಯಲ್ಲಿಟ್ಟ ಅಲೆ ಸುಮ್ಮನಿರುವುದಿಲ್ಲ. ಪೆಟ್ಟಿಗೆಯ ಗೋಡೆಗಳನ್ನು ಅಲುಗಿಸುತ್ತದೆ; ಆಲಿಕೆಯ ಮೂಲಕವೇ ತಡವಾಗಿ ಹೊರಬರುತ್ತದೆ. ಹೀಗೆ ಪೆಟ್ಟಿಗೆಯೂ ತನ್ನದೊಂದು ದನಿಯನ್ನು ಹಾಡಿಗೆ ಸೇರಿಸುತ್ತದೆ. ಪ್ಲೇನಾರ್ ಸ್ಪೀಕರು ಹುಟ್ಟಿದ್ದು ಈ ಬೇಡದ ಹಿಮ್ಮೇಳವನ್ನು ಬಿಡಿಸುವ ಪ್ರಯತ್ನದಿಂದ.

ಪಟದ ಜನ್ಮವೃತ್ತಾಂತ

ಪೆಟ್ಟಿಗೆಯನ್ನು ಬಿಟ್ಟು, ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದನ್ನು ಚೌಕಟ್ಟಿನಲ್ಲಿ ಬಿಗಿದು, ಆ ಪೊರೆಯನ್ನೇ ಉದ್ದಗಲಕ್ಕೂ ಏಕಕಾಲಕ್ಕೆ ಕಂಪಿಸುವಂತೆ ಮಾಡಿದರೆ ಹೇಗೆ ಎಂಬುದು ಇದರ ಮೂಲ ವಿಚಾರ. ಇದನ್ನು ಸಾಧಿಸುವ ಮುಖ್ಯ ಮಾರ್ಗಗಳು ಎರಡು.

ಮೊದಲನೆಯದು ಸ್ಥಿರವಿದ್ಯುತ್ತಿನ ಮಾರ್ಗ. ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ ಸಂಸ್ಥೆ 1957ರಲ್ಲಿ ಮಾರುಕಟ್ಟೆಗೆ ತಂದ ಸ್ಪೀಕರು ಇದಕ್ಕೆ ಪ್ರಸಿದ್ಧ ಉದಾಹರಣೆ. ಇದರ ಪೊರೆಗೆ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ತುಂಬಿರುತ್ತಾರೆ. ಪೊರೆಯ ಮುಂದೆಯೂ ಹಿಂದೆಯೂ ಇರುವ ರಂಧ್ರಮಯ ಫಲಕಗಳಿಗೆ ಸಂಗೀತದ ಸಂಕೇತ ಬಂದಂತೆ ಪೊರೆ ಅತ್ತಿಂದಿತ್ತ ಎಳೆಯಲ್ಪಡುತ್ತದೆ. ನಮ್ಮ ದೇಶದಲ್ಲಿಯೇ ಪುಣೆಯ ಕೇಡೆನ್ಸ್ ಸಂಸ್ಥೆ ಇಂತಹ ಪಟವನ್ನೂ ಸಾಮಾನ್ಯ ಆಲಿಕೆಯನ್ನೂ ಜೊತೆಗೂಡಿಸಿದ ಸ್ಪೀಕರುಗಳನ್ನು ತಯಾರಿಸಿತೆಂಬುದು ಹೆಮ್ಮೆಯ ಸಂಗತಿ.

ಎರಡನೆಯದು ಅಯಸ್ಕಾಂತದ ಮಾರ್ಗ. ಅಮೆರಿಕದ 3ಎಂ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ಜಿಮ್ ವೈನಿ ಎಂಬವರು ಪೊರೆಗೆ ಹೆಚ್ಚಿನ ವೋಲ್ಟನ್ನು ತುಂಬುವ ಬದಲು, ಪೊರೆಯ ಮೇಲೆ ತಂತಿಗಳನ್ನು ಅಂಟಿಸಿ, ಅದರ ಹತ್ತಿರ ಸಾಲುಸಾಲಾಗಿ ಅಯಸ್ಕಾಂತಗಳನ್ನು ಜೋಡಿಸಿದರು. ತಂತಿಯಲ್ಲಿ ಸಂಕೇತ ಹರಿದಾಗ ಪೊರೆಯೇ ಕಂಪಿಸುತ್ತದೆ. 1969ರಲ್ಲಿ ಅವರು ಮಿನ್ನೆಸೋಟ ಸಂಸ್ಥಾನದ ವೈಟ್ ಬೇರ್ ಲೇಕ್ ಎಂಬಲ್ಲಿ ಮ್ಯಾಗ್ನೆಪ್ಯಾನ್ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆ 2019ರಲ್ಲಿ ಹೊಸಬರಿಗೆಂದೇ ಎಲ್‌ಆರ್‌ಎಸ್ ಎಂಬ ಚಿಕ್ಕ ಜೋಡಿಯನ್ನು 650 ಡಾಲರುಗಳ ಬೆಲೆಗೆ ಹೊರತಂದಿತು. 2022ರಲ್ಲಿ ಅದರ ಸುಧಾರಿತ ರೂಪ ಬಂದಿತು, ಬೆಲೆಯೂ ಏರಿತು. ವೈಟ್ ಬೇರ್ ಲೇಕಿನಿಂದ ವೈಟ್‌ಫೀಲ್ಡಿನವರೆಗೆ ಬರುವಷ್ಟರಲ್ಲಿ ಸಾಗಣೆ, ಸುಂಕ, ವ್ಯಾಪಾರಿಯ ಲಾಭ ಇವೆಲ್ಲ ಸೇರಿ ಮೂಲಬೆಲೆ ಗಣನೀಯವಾಗಿ ಬೆಳೆಯುವುದೆಂಬುದನ್ನು ಗೃಹಸ್ಥನು ನೆನಪಿನಲ್ಲಿಡಬೇಕು.

ನಾಲ್ಕಡಿ ಎತ್ತರ, ಒಂದೂಕಾಲು ಅಡಿಗೆ ಸ್ವಲ್ಪ ಕಡಮೆ ಅಗಲ, ಒಂದಂಗುಲ ದಪ್ಪ. ಬಟ್ಟೆ ಹೊದೆಸಿ ನಿಲ್ಲಿಸಿದರೆ ಇದನ್ನು ನೋಡಿದವರು ಮಡಿಸುವ ತೆರೆಯೆಂದು ಭಾವಿಸಬಹುದೇ ವಿನಾ ಸ್ಪೀಕರೆಂದು ಭಾವಿಸಲಾರರು. ನೆಲದ ಮೇಲೆ ಇದು ಆಕ್ರಮಿಸುವ ಜಾಗ ಒಂದು ಮಣೆಗಿಂತ ಕಡಮೆ. ಆದರೆ ಈ ಲೆಕ್ಕವನ್ನು ನಂಬಿ ಸಂತೋಷಪಡುವ ಮೊದಲು ಮುಂದಿನ ಮಾತನ್ನೂ ಓದಬೇಕು.

ಗುಣವೂ ದೋಷವೂ

ಪೊರೆ ಹಗುರವಾದ್ದರಿಂದ ಚಟ್ಟನೆ ಚಲಿಸುತ್ತದೆ, ಚಟ್ಟನೆ ನಿಲ್ಲುತ್ತದೆ. ವೀಣೆಯ ಮೀಟು, ಸಂತೂರಿನ ಪೆಟ್ಟು, ಗಾಯಕನು ಉಸಿರೆಳೆದುಕೊಳ್ಳುವ ಸೂಕ್ಷ್ಮ ಸದ್ದು ಇವೆಲ್ಲ ಇದ್ದಂತೆಯೇ ಮೂಡುತ್ತವೆ. ತಂಬೂರಿಯನ್ನೇ ತೆಗೆದುಕೊಳ್ಳಿ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲೆಳೆಯನ್ನು ಸರಿಸಿ ಜೀವಾಳಿ ಹಿಡಿಯುವುದರಿಂದ ಒಂದು ತಂತಿಯಲ್ಲಿ ಹತ್ತಾರು ಉಪಸ್ವರಗಳು ಅರಳುತ್ತವೆ. ಅಗ್ಗದ ಸ್ಪೀಕರಿನಲ್ಲಿ ಇದು ಜೇನುನೊಣದ ಗುಂಯ್‌ಗುಡುವಿಕೆಯಂತೆ ಒಂದೇ ಮುದ್ದೆಯಾಗಿ ಕೇಳುತ್ತದೆ. ಒಳ್ಳೆಯ ಪಟದಲ್ಲಿ ಒಂದೊಂದು ಉಪಸ್ವರವೂ ಎದ್ದು, ಬೆಳಗಿ, ಆರುವುದು ಕೇಳಬರುತ್ತದೆ. ಇದಲ್ಲದೆ ನಾಲ್ಕಡಿ ಎತ್ತರದ ಪಟದಿಂದ ಹೊರಟ ದನಿಗೆ ಒಂದು ದೇಹಪ್ರಮಾಣ ಬರುತ್ತದೆ. ಗಾಯಕನು ಕೈಯಗಲದ ತೂತಿನಿಂದ ಇಣುಕುವಂತಿರದೆ, ಎದುರಿಗೆ ಕುಳಿತಂತೆ ಭಾಸವಾಗುತ್ತದೆ. ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆ, ಮಲ್ಲಿಕಾರ್ಜುನ ಮನ್ಸೂರರ ಆಲಾಪನೆ, ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠ ಇವುಗಳನ್ನು ಕೇಳಬಯಸುವ ಮನೆಗೆ ಇದಕ್ಕಿಂತ ಒಪ್ಪುವ ಸಾಧನ ಈ ಬೆಲೆಯಲ್ಲಿ ವಿರಳ.

ದೋಷದ ಪಕ್ಷವನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ಹೇಳಬೇಕು. ಹಿಂದಿನ ಅಲೆಯನ್ನು ಸೆರೆಹಿಡಿಯಲು ಪೆಟ್ಟಿಗೆಯಿಲ್ಲವಾದ್ದರಿಂದ ಮಂದ್ರ ಕೃಶವಾಗುತ್ತದೆ. ಚಿಕ್ಕ ಪಟಗಳು ಸೆಕೆಂಡಿಗೆ 50 ಕಂಪನಗಳ ಕೆಳಗೆ ಇಳಿಯುವುದೇ ಇಲ್ಲ ಎನ್ನಬಹುದು. ಡೊಳ್ಳು ಕುಣಿತದ ಡೊಳ್ಳಿನ ಏಟು ಎದೆಯಲ್ಲಿ ಗುದ್ದಿದಂತಾಗಬೇಕೆಂದು ಬಯಸುವವರಿಗೆ, ಇಂದಿನ ಚಿತ್ರಗೀತೆಗಳ ತಾಳಕ್ಕೆ ನೆಲವೇ ಅದುರಬೇಕೆನ್ನುವ ಮಕ್ಕಳಿಗೆ, ಪಟ ನಿರಾಶೆಯನ್ನೇ ತರುತ್ತದೆ. ಮಂದ್ರಕ್ಕೆಂದೇ ಪ್ರತ್ಯೇಕ ಪೆಟ್ಟಿಗೆಯೊಂದನ್ನು ಜೊತೆಗಿಡಬಹುದು. ಆದರೆ ಚುರುಕಾದ ಪಟದೊಡನೆ ನಿಧಾನವಾದ ಪೆಟ್ಟಿಗೆಯನ್ನು ಹೊಂದಿಸುವುದು ಹಂಸಕ್ಕೂ ಎತ್ತಿಗೂ ನೊಗ ಕಟ್ಟಿದ ಹಾಗೆ. ಮೊದಲ ವರ್ಷ ಆ ಗೋಜಿಗೆ ಹೋಗದಿರುವುದೇ ಲೇಸು.

ಹಜಾರದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಪ್ಲೇನಾರ್ ಸ್ಪೀಕರಿಗೆ ಅದರ ಮೈಗಿಂತ ಅದರ ಬೆನ್ನಿನ ಹಿಂದೆ ಹೆಚ್ಚು ಜಾಗ ಬೇಕು. ಬೆನ್ನಿನಿಂದ ಹೊರಟ ನಾದ ಹಿಂಗೋಡೆಗೆ ತಾಗಿ ಮರಳಿ ಬರುತ್ತದೆ. ಗೋಡೆ ಒಂದಡಿ ದೂರದಲ್ಲಿದ್ದರೆ ಆ ಮಾರ್ದನಿ ಸೆಕೆಂಡಿನ ಸುಮಾರು 550ರಲ್ಲಿ ಒಂದು ಪಾಲಿನಷ್ಟು ಕಾಲದಲ್ಲಿಯೇ ಬಂದು ಮೂಲನಾದದೊಡನೆ ಕಲಸಿ ಅದರ ಬಣ್ಣವನ್ನು ಕೆಡಿಸುತ್ತದೆ. ಮೂರಡಿ ದೂರವಿಟ್ಟರೆ ಸೆಕೆಂಡಿನ ಸುಮಾರು 190ರಲ್ಲಿ ಒಂದು ಪಾಲಿನಷ್ಟು ತಡವಾಗುತ್ತದೆ. ಆಗ ಕಿವಿ ಅದನ್ನು ದೋಷವೆಂದು ಬಗೆಯದೆ, ಸಭಾಂಗಣದ ಆಳವೆಂದು ಸ್ವೀಕರಿಸುತ್ತದೆ. ಇಡೀ ಏರ್ಪಾಡಿನ ರಹಸ್ಯ ಈ ಮೂರಡಿಯಲ್ಲಿದೆ. ಇದನ್ನು ಕೊಡಲಾರದ ಮನೆಗೆ ಪಟ ತಕ್ಕುದಲ್ಲ.

ಹೊರವಲಯದ ವಸತಿಗೃಹಗಳಲ್ಲಿ ಸಾಮಾನ್ಯವಾಗಿ ಕಾಣುವ 16 ಅಡಿ ಉದ್ದ, 11 ಅಡಿ ಅಗಲದ ಹಜಾರವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಗಲದ ಗೋಡೆಯಿಂದ ಮೂರಡಿ ಮುಂದೆ ಪಟಗಳು. ಎರಡು ಪಟಗಳ ನಡುಗೆರೆಗಳ ಮಧ್ಯೆ ಆರಡಿ ಅಂತರ. ಪಟಗಳಿಂದ ಸುಮಾರು ಎಂಟಡಿ ದೂರದಲ್ಲಿ ಆಸನ. ಆಸನದ ಹಿಂದೆ ಇನ್ನೂ ಐದಡಿ ಬಯಲು. ಪಕ್ಕದ ಗೋಡೆಗಳಿಗೆ ಎರಡೂವರೆ ಅಡಿ ಉಳಿಯುತ್ತದೆ. ಪಟದ ಪಕ್ಕೆಗಳಲ್ಲಿ ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದನ್ನೊಂದು ಅಳಿಸುವುದರಿಂದ ಪಕ್ಕದ ಗೋಡೆಗಳ ಕಡೆಗೆ ನಾದ ಅತ್ಯಲ್ಪವಾಗಿ ಹೋಗುತ್ತದೆ. ದೋಷವೆಂದು ಮೇಲೆ ಹೇಳಿದ್ದೇ ಇಲ್ಲಿ ಗುಣವಾಗಿ ಪರಿಣಮಿಸುವುದನ್ನು ವಾಚಕರು ಗಮನಿಸಬಹುದು.

ಇನ್ನೊಂದು ಲಾಭವೂ ಉಂಟು. ಪ್ರತಿಯೊಂದು ಕೋಣೆಗೂ ತನ್ನದೇ ಆದ ಆಧಾರಶ್ರುತಿಗಳಿವೆ. ಹದಿನಾರಡಿಯ ಉದ್ದಕ್ಕೆ ಸೆಕೆಂಡಿಗೆ ಸುಮಾರು 35 ಕಂಪನಗಳಲ್ಲಿಯೂ, ಹನ್ನೊಂದಡಿಯ ಅಗಲಕ್ಕೆ ಸುಮಾರು 51 ಕಂಪನಗಳಲ್ಲಿಯೂ ಕೋಣೆ ತಾನಾಗಿ ಮೊರೆಯುತ್ತದೆ. ಭಾರಿ ಮಂದ್ರವುಳ್ಳ ಪೆಟ್ಟಿಗೆಗಳನ್ನು ಕಾಂಕ್ರೀಟು ಗೋಡೆಗಳ ಇಂತಹ ಕೋಣೆಯಲ್ಲಿಟ್ಟರೆ ಮೃದಂಗದ ತೊಪ್ಪಿಯ ನಾದ ಬಾವಿಯಲ್ಲಿ ಕೊಡ ಬಿದ್ದಂತೆ ಗುಂಭಿಸುತ್ತದೆ. ಆ ಆಳಕ್ಕೆ ಇಳಿಯದ ಪಟ, ಕೋಣೆಯನ್ನು ಕೆಣಕುವುದೂ ಕಡಮೆ.

ಹೊಸ ಮನೆಗಳ ದೊಡ್ಡ ಶತ್ರು ನುಣುಪು. ಹೊಳೆಯುವ ಟೈಲಿನ ನೆಲ, ಬರಿಯ ಗೋಡೆ, ಗಾಜಿನ ಬಾಗಿಲು. ಹಜಾರದ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟಪ್ ಎಂದು ನಿಲ್ಲದೆ ಝಣಝಣನೆ ಅನುರಣಿಸಿದರೆ, ಯಾವ ಸ್ಪೀಕರು ತಂದರೂ ಪ್ರಯೋಜನವಿಲ್ಲ. ಇದಕ್ಕೆ ಪರಿಹಾರ ದುಬಾರಿಯಲ್ಲ. ಆಸನದ ಮುಂದೆ ದಪ್ಪ ಜಮಖಾನೆ, ಗಾಜಿನ ಬಾಗಿಲಿಗೆ ಮಡಿಕೆಮಡಿಕೆಯ ಪರದೆ, ಪಟಗಳ ಹಿಂದಿನ ಗೋಡೆಗೆ ತುಂಬಿದ ಪುಸ್ತಕದ ಕಪಾಟು, ಇಷ್ಟು ಸಾಕು. ಗಾತ್ರದಲ್ಲಿ ಹೆಚ್ಚುಕಡಮೆಯಾದ ಪುಸ್ತಕಗಳು ನಾದವನ್ನು ನುಂಗದೆ, ಅನೇಕ ದಿಕ್ಕುಗಳಿಗೆ ಚದರಿಸುತ್ತವೆ. ಮನೆಯಲ್ಲಿ ಪುಸ್ತಕಗಳಿಗೆ ಜಾಗ ಕೇಳಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಸ್ಟೀರಿಯೋ ಎಂಬ ಮಾಯೆಯ ವಿಷಯವಾಗಿ ಒಂದು ಮಾತು. ಇಂಗ್ಲೆಂಡಿನ ಎಂಜಿನಿಯರು ಅಲನ್ ಬ್ಲೂಮ್ಲೈನ್ ಹೆಂಡತಿಯೊಡನೆ ಚಲನಚಿತ್ರಕ್ಕೆ ಹೋಗಿದ್ದಾಗ, ನಟನು ತೆರೆಯ ಒಂದು ಬದಿಯಲ್ಲಿದ್ದರೂ ಅವನ ಮಾತು ಬೇರೆಡೆಯಿಂದ ಬರುತ್ತಿದ್ದುದನ್ನು ಕಂಡು ಇದಕ್ಕೆ ಉಪಾಯ ಹುಡುಕಿದನೆಂದು ಹೇಳುತ್ತಾರೆ. 1931ರಲ್ಲಿ ಅವನು ಪಡೆಯಹೊರಟ ಪೇಟೆಂಟಿನಲ್ಲಿ ಇಂದಿನ ಸ್ಟೀರಿಯೋದ ತತ್ತ್ವಗಳೆಲ್ಲ ಅಡಗಿವೆ. ಎರಡು ಕಡೆಯ ನಾದ ಕೂಡಿ ನಡುವಣ ಶೂನ್ಯದಲ್ಲಿ ಗಾಯಕನನ್ನು ಕಡೆದು ನಿಲ್ಲಿಸುತ್ತದೆ. ಇದಾಗಬೇಕಾದರೆ ಎರಡು ಪಟಗಳೂ ಕನ್ನಡಿಯ ಬಿಂಬಗಳಂತೆ ಸಮನಾಗಿ ತಿರುಗಿರಬೇಕು. ಎರಡರ ದೂರವೂ ಆಸನದಿಂದ ಒಂದೇ ಆಗಿರಬೇಕು. ಕಣ್ಣಳತೆ ಸಾಲದು, ಹೊಲಿಗೆಯ ಟೇಪು ಹಿಡಿದು ಅಳೆಯಬೇಕು. ತಂತಿಗಳ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿರುವುದನ್ನು ಎರಡು ಸಲ ನೋಡಬೇಕು. ಒಂದು ಕಡೆ ಅದಲುಬದಲಾದರೆ ಗಾಯಕನು ನಡುವೆ ನಿಲ್ಲದೆ ಕೋಣೆಯಲ್ಲೆಲ್ಲ ಚೆದರಿಹೋಗುತ್ತಾನೆ, ಇದ್ದ ಅಲ್ಪ ಮಂದ್ರವೂ ಮಾಯವಾಗುತ್ತದೆ. ಹಳೆಯ 78 ಸುತ್ತಿನ ತಟ್ಟೆಗಳಿಂದ ಇಳಿಸಿಕೊಂಡ ಗಾಯನವನ್ನು ಮೊದಲು ಹಾಕಿ ನೋಡುವುದು ಒಳ್ಳೆಯ ಪರೀಕ್ಷೆ. ಅದು ಸ್ಟೀರಿಯೋ ಅಲ್ಲವಾದ್ದರಿಂದ, ದನಿ ಎರಡು ಪಟಗಳ ನಟ್ಟನಡುವೆ ನಿಂತರೆ ಜೋಡಣೆ ಸರಿಯಾಗಿದೆಯೆಂದೇ ಅರ್ಥ.

ಶಕ್ತಿಯ ಪ್ರಶ್ನೆ

ಪಟ ನೋಡಲು ತೆಳ್ಳಗಿದ್ದರೂ ಅದರ ಹಸಿವು ದೊಡ್ಡದು. ಸಾಮಾನ್ಯ ಸ್ಪೀಕರುಗಳು ವಿದ್ಯುತ್ತಿಗೆ 8 ಅಥವಾ 6 ಓಮುಗಳ ತಡೆ ಒಡ್ಡಿದರೆ ಇವು 4 ಓಮುಗಳ ತಡೆಯನ್ನು ಮಾತ್ರ ಒಡ್ಡುತ್ತವೆ. ಅಂದರೆ ಹೆಚ್ಚು ಪ್ರವಾಹವನ್ನು ಎಳೆಯುತ್ತವೆ. ಮೇಲಾಗಿ ಒಂದು ವಾಟಿಗೆ ಇವು ಕೊಡುವ ಸದ್ದು ಕಡಮೆ. ಇಂತಹ ಹಜಾರದಲ್ಲಿ ಹದವಾದ ಕೇಳ್ಮೆಗೆ ಒಂದು ವಾಟು ಸುಮಾರಾಗಿ ಸಾಕು. ಆದರೆ ಗಾಯನದ ನಡುವೆ ಮೃದಂಗದ ಮುಕ್ತಾಯದ ಏಟು ಸರಾಸರಿ ಮಟ್ಟಕ್ಕಿಂತ 20 ಡೆಸಿಬೆಲ್ ಮೇಲೇರಿತೆನ್ನಿ. 10 ಡೆಸಿಬೆಲ್ಲಿಗೆ ಹತ್ತು ಪಟ್ಟು ಶಕ್ತಿ ಬೇಕಾದರೆ, 20ಕ್ಕೆ ನೂರು ಪಟ್ಟು. ಆ ಒಂದು ಕ್ಷಣಕ್ಕೆ ನೂರು ವಾಟು ಬೇಕಾಯಿತು. ಆದ್ದರಿಂದ 8 ಓಮಿಗೆ 50 ವಾಟು ಕೊಟ್ಟು, 4 ಓಮಿಗೆ ಅದರ ಸುಮಾರು ಎರಡರಷ್ಟನ್ನು ಕೊಡಬಲ್ಲ ಆಂಪ್ಲಿಫೈಯರನ್ನು ಹುಡುಕಬೇಕು. 4 ಓಮಿನ ಅಂಕಿಯನ್ನೇ ಹೇಳದ ಆಂಪ್ಲಿಫೈಯರನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಜಾಣತನ. ಒಟ್ಟು ಹಣವನ್ನು ಹಂಚುವಾಗ ಸ್ಪೀಕರಿಗೆ ಎಷ್ಟೋ ಅಷ್ಟನ್ನೇ ಆಂಪ್ಲಿಫೈಯರಿಗೂ ಎತ್ತಿಡುವುದು ಕ್ಷೇಮ. ಸಂಗೀತದ ಮೂಲಕ್ಕೆ ಕೈಯಲ್ಲಿರುವ ದೂರವಾಣಿಯೂ, ಅಂಕೆಗಳನ್ನು ನಾದವಾಗಿಸುವ ಸಣ್ಣ ಡ್ಯಾಕ್ ಯಂತ್ರವೊಂದೂ ಸದ್ಯಕ್ಕೆ ಸಾಕು. ಬಂಗಾರದ ಲೇಪದ ತಂತಿಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ಸಾಕಷ್ಟು ದಪ್ಪನಾದ ತಾಮ್ರದ ತಂತಿ ಎಲ್ಲ ಕೆಲಸವನ್ನೂ ಮಾಡುತ್ತದೆ.

ವಿದ್ಯುತ್ತು ಹೋಗಿ ಇನ್ವರ್ಟರು ಹೊತ್ತಿದಾಗ ಕೆಲವು ಮನೆಗಳಲ್ಲಿ ಸ್ಪೀಕರು ಝೇಂಕರಿಸುವುದುಂಟು. ಶುದ್ಧ ತರಂಗವನ್ನು ಕೊಡದ ಇನ್ವರ್ಟರೇ ಇದಕ್ಕೆ ಕಾರಣವಾಗಿರಬಹುದು. ವಿದ್ಯುತ್ತಿರುವಾಗಲೂ ಗುನುಗು ನಿಲ್ಲದಿದ್ದರೆ ಟೆಲಿವಿಷನ್ನಿನ ಕೇಬಲನ್ನು ಕಳಚಿ ನೋಡಬೇಕು. ಎರಡು ಕಡೆ ಭೂಸಂಪರ್ಕವಾದಾಗ ಹುಟ್ಟುವ ಗುನುಗು ಆಗ ನಿಲ್ಲುತ್ತದೆ. ಆಂಪ್ಲಿಫೈಯರಿನ ಭೂಸಂಪರ್ಕದ ಮೊಳೆಯನ್ನೇ ಮುರಿಯುವ ಸಾಹಸಕ್ಕೆ ಮಾತ್ರ ಯಾರೂ ಕೈಹಾಕಬಾರದು; ಅದು ಪ್ರಾಣಕ್ಕೆ ಅಪಾಯ.

ಧೂಳು, ಬಿಸಿಲು, ಮಕ್ಕಳು

ಸ್ಥಿರವಿದ್ಯುತ್ತಿನ ಪಟಗಳು ಧೂಳನ್ನು ಸೆಳೆಯುತ್ತವೆ; ಮಳೆಗಾಲದ ತೇವದಲ್ಲಿ ಚಟಪಟಿಸುವುದೂ ಉಂಟು. ಕೆಲಸ ನಿಲ್ಲದ ಕಟ್ಟಡಗಳ ನಡುವೆ ಬಾಳುವ ವೈಟ್‌ಫೀಲ್ಡಿನವರಿಗೆ ಧೂಳಿನ ವಿಷಯ ಹೊಸದಾಗಿ ಹೇಳಬೇಕಾಗಿಲ್ಲ. ಅಯಸ್ಕಾಂತದ ಪಟಗಳಿಗೆ ತೇವದ ಭಯ ಅಷ್ಟಿಲ್ಲ. ಗೋಡೆಯ ವಿದ್ಯುತ್ತಿಗೆ ಅವನ್ನು ಸೇರಿಸುವ ಅಗತ್ಯವೂ ಇಲ್ಲ. ಆದರೆ ಪೀಣ್ಯದ ಲೇತು ಯಂತ್ರಗಳ ನಡುವೆ ದುಡಿದು ಬಂದವರ ಉಡುಪಿನಲ್ಲಿ ಅಂಟಿರುವ ಕಬ್ಬಿಣದ ಪುಡಿ ಅಯಸ್ಕಾಂತದ ಬಳಿಗೆ ಸುಳಿಯಬಾರದು. ಕಾರ್ಖಾನೆಯ ಬಟ್ಟೆಯನ್ನು ಬದಲಿಸಿಯೇ ಹಾಡು ಕೇಳಲು ಕೂರುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯ ಪದ್ಧತಿ.

ಬಾಲ್ಕನಿಯ ಬಾಗಿಲಿನಿಂದ ಬೀಳುವ ನೇರ ಬಿಸಿಲು ಪಟದ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಪೊರೆಗೂ ತಂತಿಗೂ ಇರುವ ನಂಟು ಕೇವಲ ಅಂಟಿನದು. ವರ್ಷಾನುಗಟ್ಟಲೆ ಬಿಸಿಲಿನಿಂದ ಆ ಅಂಟು ಬಿಟ್ಟರೆ ಪಟ ಗರಗರನೆ ಒಡಕುದನಿ ತೆಗೆಯುತ್ತದೆ. ನೆಲ ಒರೆಸುವವರಿಗೆ ಬುಡದ ಹತ್ತಿರ ಒದ್ದೆ ಬಟ್ಟೆಯನ್ನು ಹಿಂಡಿ ಬಳಸುವಂತೆ ತಿಳಿಸಬೇಕು. ಬಟ್ಟೆಯ ಮರೆಯಲ್ಲಿ ಏನಿದೆಯೆಂದು ಪೆನ್ಸಿಲಿನಿಂದ ತಿವಿದು ನೋಡುವ ಪುಟ್ಟ ವಿಜ್ಞಾನಿಗಳೂ, ಉಗುರು ಮಸೆಯಲು ನೆವ ಹುಡುಕುವ ಬೆಕ್ಕೂ ಇರುವ ಮನೆಯವರು ಇನ್ನೆರಡು ವರ್ಷ ತಡೆದು ಕೊಳ್ಳುವುದೇ ಮೇಲು. ಪಟ ಬಂದ ಮೂಲ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಎಸೆಯಬಾರದು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಗುವ ಹೊರವಲಯದ ಬಾಳಿನಲ್ಲಿ ಅದು ಮತ್ತೆ ಮತ್ತೆ ಬೇಕಾಗುತ್ತದೆ.

ನೆರೆಮನೆಯ ನಿದ್ರೆ

ವಸತಿಗೃಹಗಳಲ್ಲಿ ನಮ್ಮ ಗೋಡೆ ನೆರೆಯವರ ಗೋಡೆಯೂ ಹೌದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವರು ಹಗಲಿನಲ್ಲಿ ನಿದ್ರಿಸುವುದುಂಟು. ನಮಗೆ ಪ್ರಾತಃಕಾಲದ ಭೂಪಾಳಿ, ಅವರಿಗೆ ನಡುರಾತ್ರಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿಯುಂಟು. ಆದರೆ ನಿಯಮಕ್ಕಿಂತ ಸೌಜನ್ಯ ದೊಡ್ಡದು. ಕಾಂಕ್ರೀಟನ್ನು ದಾಟಿ ಹೋಗುವುದು ಮುಖ್ಯವಾಗಿ ಮಂದ್ರವಾದ್ದರಿಂದ, ಈ ವಿಷಯದಲ್ಲಿ ಪಟ ಪೆಟ್ಟಿಗೆಗಿಂತ ಸಜ್ಜನ. ಆದರೂ ಅದರ ಬೆನ್ನಿನ ಹಿಂದಿನ ಗೋಡೆ ನೆರೆಯವರ ಮಲಗುವ ಕೋಣೆಯದಾಗಿರದಂತೆ ಆರಿಸಿಕೊಳ್ಳಬೇಕು. ಸಾಧ್ಯವಾದರೆ ಮೆಟ್ಟಿಲಸಾಲಿನ ಕಡೆಯ ಗೋಡೆಯನ್ನೋ ಹೊರಗೋಡೆಯನ್ನೋ ಹಿಡಿಯಬೇಕು.

ಇದೇ ಸಂದರ್ಭದಲ್ಲಿ ನಮ್ಮ ಕಿವಿಗಳ ಕ್ಷೇಮವನ್ನೂ ನೆನೆಯೋಣ. ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್‌ವರೆಗೆ ಕೇಳುವುದು ದೊಡ್ಡವರಿಗೆ ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿವಿಯೊಳಗೇ ಗುಂಡಿ ಸಿಕ್ಕಿಸಿಕೊಂಡವನಿಗೆ ಈ ಮಿತಿ ದಾಟಿದ್ದು ತಿಳಿಯುವುದಿಲ್ಲ. ಹೊರಗಿನ ಗದ್ದಲವನ್ನು ಮೀರಿಸಲು ಸದ್ದನ್ನು ಏರಿಸುತ್ತಲೇ ಹೋಗುತ್ತಾನೆ. ಹಜಾರದಲ್ಲಿ ನುಡಿಯುವ ಸ್ಪೀಕರಿನ ಸದ್ದು ಹೆಚ್ಚಾದರೆ ಅಡಿಗೆಮನೆಯಿಂದಲೇ ಎಚ್ಚರಿಕೆ ಬರುತ್ತದೆ.

ಯಾರಿಗೆ ಬೇಡ, ಯಾರಿಗೆ ಬೇಕು

ಸಾರಾಂಶವಾಗಿ ಹೇಳುವುದಾದರೆ, ಹಜಾರದಲ್ಲಿ ಮೂರಡಿ ಬಿಡಲಾರದವರಿಗೆ, ಮಂದ್ರದ ಅಬ್ಬರವನ್ನು ಪ್ರೀತಿಸುವವರಿಗೆ, ಹಿನ್ನೆಲೆಯಲ್ಲಿ ಏನಾದರೊಂದು ಗುನುಗುತ್ತಿದ್ದರೆ ಸಾಕೆನ್ನುವವರಿಗೆ ಪ್ಲೇನಾರ್ ಸ್ಪೀಕರು ಬೇಡ. ಸಾಧಾರಣ ಬೆಲೆಯ ಒಳ್ಳೆಯ ಪೆಟ್ಟಿಗೆಯ ಜೋಡಿಯೇ ಅವರಿಗೆ ಹೆಚ್ಚಿನ ಸಂತೋಷ ಕೊಟ್ಟೀತು. ಸಾಲದ ಕಂತುಗಳು ಕತ್ತಿನವರೆಗೆ ಬಂದಿರುವ ಮನೆಗಳು ಇದಕ್ಕಾಗಿ ಇನ್ನೊಂದು ಸಾಲ ಮಾಡುವುದಂತೂ ಸರ್ವಥಾ ಸಲ್ಲದು. ಅಂಗಡಿಯಲ್ಲಿ ಕೇಳಿ ಮರುಳಾಗದೆ, ತಮಗೆ ಚೆನ್ನಾಗಿ ಪರಿಚಯವಿರುವ ನಾಲ್ಕು ಗಾಯನಗಳನ್ನು ಕೊಂಡೊಯ್ದು, ಮನೆಮಂದಿಯೆಲ್ಲರೂ ಕೇಳಿ, ಒಂದು ವಾರ ಕಳೆದು ನಿರ್ಣಯಿಸುವುದು ವಿವೇಕ.

ಕಂಠಸಂಗೀತವನ್ನೂ ತಂತೀವಾದ್ಯವನ್ನೂ ಮೆಚ್ಚುವ, ದಿನಕ್ಕೆ ಅರ್ಧ ಗಂಟೆಯಾದರೂ ಬೇರೇನೂ ಮಾಡದೆ ಕುಳಿತು ಕೇಳಲು ಒಪ್ಪುವ ಮನೆಗಾದರೆ, ಪಟ ಬಹುಕಾಲದ ಗೆಳೆಯನಾಗಬಲ್ಲದು. ಅದು ಹಳೆಯ ಧ್ವನಿಮುದ್ರಣದ ಕೊರತೆಯನ್ನು ಮುಚ್ಚುವುದಿಲ್ಲ, ಕೆಟ್ಟ ಹಾಡನ್ನು ಒಳ್ಳೆಯದಾಗಿ ಮಾಡುವುದೂ ಇಲ್ಲ. ಇದ್ದುದನ್ನು ಇದ್ದಂತೆ ಮುಂದಿಡುತ್ತದೆ, ಅಷ್ಟೇ. ಅರ್ಧ ಗಂಟೆ ಕಿವಿಯ ಗುಂಡಿಗಳನ್ನು ಮೇಜಿನ ಮೇಲಿಟ್ಟು ನಾಲ್ವರೂ ಒಂದೇ ಜಮಖಾನೆಯ ಮೇಲೆ ಕುಳಿತರೆ, ಯಾವ ಹಾಡು ಮೊದಲು ಎಂಬ ಜಗಳ ಆರಂಭವಾಗುವುದು ಖಂಡಿತ. ಆ ಜಗಳ ಆರಂಭವಾದ ದಿನ, ಮನೆಯಲ್ಲಿ ಮತ್ತೆ ಸಂಗೀತ ಬಂದಿತೆಂದು ತಿಳಿಯಬಹುದು.